ಮೂರೂವರೆ ಗಂಟೆಯ ಹಸಿವು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇಪ್ಪತ್ತೆರಡು ವರ್ಷ ರವಿಕೆ ಹೊಲಿದವಳಿಗೆ ಅಂಟಿಕೊಂಡ ಗುಣ ಅದು. ಹೋದ ಸಲದ ಅಳತೆಯೇ ಇರಲಿ, ನಾನೇನೂ ದಪ್ಪ ಆಗಿಲ್ಲ ಅನ್ನುವ ಹೆಂಗಸರಿಗೆ ಆಯ್ತು ಅಂತ ತಲೆಯಾಡಿಸಿ, ಮಾತಾಡಿಸುತ್ತಲೇ ಟೇಪು ಸುತ್ತಿಬಿಡುತ್ತೇನೆ. ಒಂದೂವರೆ ಇಂಚಾದರೂ ಹೆಚ್ಚಿರುತ್ತದೆ. ಹಾರನಹಳ್ಳಿ ಸುತ್ತಮುತ್ತ ನಾನು ಹೊಲಿದ ರವಿಕೆ ಬಿಗಿಯಾಯ್ತು ಅಂತ ವಾಪಸು ಬಂದದ್ದು ಕಡಿಮೆ. ಜನ ಅದನ್ನು ನನ್ನ ಕೈಗುಣ ಅನ್ನುತ್ತಾರೆ. ಅದು ಬರೀ ಅನುಮಾನ.

ಅಂಥವಳು ನನ್ನ ಮೈಗೆ ಒಂದೂವರೆ ವರ್ಷ ಟೇಪು ಮುಟ್ಟಿಸಲಿಲ್ಲ. ಹೊಲಿಯುವವಳಿಗೆ ತನಗೆ ತಾನೇ ಮೋಸ ಮಾಡಿಕೊಳ್ಳುವುದು ಬಲು ಸುಲಭ. ರವಿಕೆಯ ಒಳಗೆ ಎರಡೂ ಪಕ್ಕ ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕಿರುತ್ತೇವೆ, ಮುಂದೆ ಬೇಕಾದರೆ ಬಿಚ್ಚಿಕೊಳ್ಳಲಿ ಅಂತ. ನಾನು ಮೊದಲ ಸಾಲು ಬಿಚ್ಚಿದೆ. ಆರು ತಿಂಗಳಿಗೆ ಎರಡನೆಯದು, ಆಮೇಲೆ ಮೂರನೆಯದು. ಬಿಚ್ಚಲು ಸಾಲು ಉಳಿಯದಿದ್ದಾಗ ಕಂಕುಳಲ್ಲಿ ತುಂಡು ಬಟ್ಟೆ ಕೊಟ್ಟೆ. ಕನ್ನಡಿಯಲ್ಲಿ ರವಿಕೆ ಎಂದಿನ ಹಾಗೆಯೇ ಕೂತಿರುತ್ತಿತ್ತು, ನಾನೂ ಎಂದಿನ ಹಾಗೆಯೇ ಇದ್ದೇನೆ ಅಂದುಕೊಂಡೆ.

ನನ್ನ ಹೆಸರು ಮಂಗಳ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ, ಅಣ್ಣತಮ್ಮ ಇಬ್ಬರು, ಒಂದೇ ಒಲೆ. ನಾನು ಹಿರಿಸೊಸೆ. ಕಿರಿಯವಳು ರತ್ನ, ಕೆ.ಆರ್. ನಗರದ ಕಡೆಯ ಹುಡುಗಿ. ಹದಿನೆಂಟು ವರ್ಷ ನಾವಿಬ್ಬರು ಓರಗಿತ್ತಿಯರು ಒಂದೇ ಪಾತ್ರೆಯಲ್ಲಿ ಉಂಡಿದ್ದೇವೆ. ಅಡುಗೆ ಅವಳದು, ಹೊಲಿಗೆ ನನ್ನದು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ನನ್ನ ಅಂಗಡಿ. ಅತ್ತೆಗೆ ಲಕ್ವ ಹೊಡೆದ ಮೇಲೆ ಅವರ ಮಂಚವನ್ನೂ ಅಲ್ಲಿಗೇ ತಂದು ಹಾಕಿದೆವು, ನಾನು ಮಿಷನ್ ತುಳಿಯುತ್ತಲೇ ನೋಡಿಕೊಳ್ಳಬಹುದು ಅಂತ. ಅವರಿಗೆ ಸಕ್ಕರೆ ಕಾಯಿಲೆ ಮೊದಲಿಂದ ಇತ್ತು. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಮಧ್ಯಾಹ್ನ ಮೂರೂವರೆಗೊಮ್ಮೆ ಗಂಜಿಯೋ ಮೆದು ಅನ್ನವೋ ನಾನೇ ತಿನ್ನಿಸುತ್ತಿದ್ದೆ. ಎಡಗೈ ಅವರ ಗದ್ದದ ಕೆಳಗೆ, ಬಲಗೈ ಬಟ್ಟಲಿಗೆ. ತೊಡಿಸಲು ಸುಲಭ ಆಗಲಿ ಅಂತ ಹುಕ್ಕಿನ ಬದಲು ಲಾಡಿ ಕಟ್ಟುವ ಸಡಿಲ ರವಿಕೆ ಹೊಲಿದುಕೊಟ್ಟಿದ್ದೆ. ಎರಡು ವರ್ಷ ಹಾಗೆ ನಡೆಯಿತು. ಒಂದು ಯುಗಾದಿ ಆದ ನಾಲ್ಕನೇ ದಿನಕ್ಕೆ ಅತ್ತೆ ಹೋದರು.

ಮಂಗಳ ಪುಣ್ಯ ಕಟ್ಟಿಕೊಂಡಳು, ಇನ್ನು ಅವಳ ಕೈ ಬಿಡುವಾಯ್ತು ಅಂತ ಊರೆಲ್ಲ ಹೇಳಿತು. ನನಗೂ ಹಗುರವೇ ಆಯಿತು, ಸುಳ್ಳು ಯಾಕೆ ಹೇಳಲಿ. ಮದುವೆ ಕಾಲ, ಮಿಷನ್ ಪಕ್ಕ ರವಿಕೆ ಬಟ್ಟೆಯ ರಾಶಿ. ಅಳಲು ನನಗೆ ಪುರುಸೊತ್ತಿರಲಿಲ್ಲ. ಆ ಯುಗಾದಿಯ ದಿನ ಅವರು ತೊಟ್ಟಿದ್ದ ರವಿಕೆಯ ಎದೆಯ ಮೇಲೆ ಹಳದಿ ಎಣ್ಣೆಕಲೆಯೊಂದಿತ್ತು. ಔಷಧಿ ಚೆಲ್ಲಿದ್ದೇನೋ ಅಂತ ಎರಡು ಸಲ ಒಗೆದೆ, ಹೋಗಲಿಲ್ಲ. ಬಿಸಾಡಲು ಮನಸ್ಸು ಬಾರದೆ ತುಂಡು ಬಟ್ಟೆಯ ಚೀಲದ ತಳಕ್ಕೆ ತುರುಕಿದೆ.

ತಿನ್ನುವುದು ಶುರುವಾದದ್ದು ಆಮೇಲೆ. ಮೊದಲು ಒಂದು ಬನ್ನು, ಎರಡು ಬಿಸ್ಕತ್ತು. ಬರಬರುತ್ತಾ ಒಂದು ಪೊಟ್ಟಣ ಖಾರಾ ಸೇವೆ, ಅದರ ಮೇಲೆ ಕೊಬ್ಬರಿ ಮಿಠಾಯಿ, ಅದರ ಮೇಲೆ ಬೆಳಿಗ್ಗೆ ಮಿಕ್ಕ ತಣ್ಣನೆಯ ಮುದ್ದೆ. ಬಾಗಿಲು ಮುಂದಕ್ಕೆ ತಳ್ಳಿ, ಗಿರಾಕಿ ಬಂದರೆ ಬಾಯಿ ಒರೆಸಿಕೊಂಡು ಏಳುತ್ತಿದ್ದೆ. ಪೊಟ್ಟಣಗಳು ತುಂಡು ಬಟ್ಟೆಯ ಚೀಲ ಸೇರುತ್ತಿದ್ದವು. ಹೊಟ್ಟೆ ನೋಯುವವರೆಗೂ ತಿಂದು, ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ, ಸಂಜೆ ಊಟಕ್ಕೆ ಎಲ್ಲರೆದುರು ಅರ್ಧ ಮುದ್ದೆ ಉಂಡು ಸಾಕು ಅನ್ನುತ್ತಿದ್ದೆ. ಅದನ್ನು ಹಸಿವು ಅಂತ ಕರೆಯಲು ಈಗಲೂ ನನಗೆ ಹಿಂಜರಿಕೆ. ಹಸಿವು ಹೊಟ್ಟೆಯಲ್ಲಿ ಹುಟ್ಟಬೇಕು. ಇದು ಕೈಯಲ್ಲಿ ಹುಟ್ಟುತ್ತಿತ್ತು.

ಎರಡು ಮೆಟ್ಟಿಲು ಹತ್ತಿದರೆ ಉಬ್ಬಸ ಬರತೊಡಗಿದ ಮೇಲೆ ಯಜಮಾನರು ಹಟ ಹಿಡಿದು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದರು. ರಕ್ತ ಕೊಟ್ಟು ಬೆಂಚಿನ ಮೇಲೆ ಕಾದೆವು. ಪಕ್ಕದಲ್ಲಿ ಕೂತ ತೆಳ್ಳನೆ ಹೆಂಗಸಿನ ಹೆಸರೂ ಮಂಗಳ ಅಂತ ಗೊತ್ತಾದಾಗಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ರಿಪೋರ್ಟಿನಲ್ಲಿ ಥೈರಾಯ್ಡ್ ಸರಿಯಿದೆ ಅಂತ ಬಂತು. ಅದು ಅವಳ ರಕ್ತ, ನನ್ನದಲ್ಲ ಅಂತ ವಾದಿಸಿ, ಮರುವಾರ ಹುಣಸೂರಿಗೆ ಹೋಗಿ ಇನ್ನೊಂದು ಲ್ಯಾಬಿನಲ್ಲಿ ಕೊಟ್ಟೆ. ಅಲ್ಲೂ ಅದೇ. ಸಕ್ಕರೆ ಮಾತ್ರ ಗಡಿಯಲ್ಲಿ ನಿಂತಿತ್ತು.

ಪಿರಿಯಾಪಟ್ಟಣದ ಡಾಕ್ಟರು ಚಿಕ್ಕ ವಯಸ್ಸಿನವರು. ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟುಕೊಂಡು, ಬೇಜಾರಾದಾಗ, ಯೋಚನೆ ಬಂದಾಗ ತಿನ್ನುತ್ತೀರಾ ಅಂತ ಕೇಳಿದರು. ಹೊಟ್ಟೆ ಹಸಿದಾಗ ಉಣ್ಣುತ್ತೇನೆ ಮೇಡಂ, ಎಲ್ಲರ ಹಾಗೆ ಅಂದೆ. ಅವರು ನಕ್ಕು, ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನ ಬರುವ ಆಪ್ತ ಸಮಾಲೋಚಕಿಯ ಹೆಸರಿಗೆ ಚೀಟಿ ಬರೆದುಕೊಟ್ಟರು. ಕಾಯಿಲೆ ಏನು ಅಂತ ಗೊತ್ತಾಗದಿದ್ದರೆ ತಲೆ ಕೆಟ್ಟಿದೆ ಅನ್ನುವುದು ಇವರ ಉಪಾಯ ಅಂದುಕೊಂಡು ಚೀಟಿಯನ್ನು ಸೂಜಿ ಡಬ್ಬಿಯೊಳಗೆ ಹಾಕಿದೆ.

ಆ ವಾರವೇ ಸೀರೆಗೆ ಫಾಲ್ಸ್ ಹಾಕಿಸಲು ಎದುರು ಬೀದಿಯ ಚಿಕ್ಕತಾಯವ್ವ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ದನಿ ತಗ್ಗಿಸಿದಳು.

"ಯಾರೋ ಮದ್ದಾಕವ್ರೆ ಕಣವ್ವ ನಿಂಗೆ. ಇಂಗೆಲ್ಲ ಉಬ್ಬಕ್ಕಾಯ್ತದಾ?"

ನಮ್ಮ ಕಡೆ ಮದ್ದು ಅಂದರೆ ಎರಡು. ಡಾಕ್ಟರು ಕೊಡುವುದು ಒಂದು. ಕೇಡು ಬಯಸುವವರು ಊಟದಲ್ಲಿ ಬೆರೆಸಿ ಇಕ್ಕುವುದು ಇನ್ನೊಂದು. ಅದು ಹೊಟ್ಟೆಯಲ್ಲೇ ಕೂತು ಬೆಳೆಯುತ್ತದಂತೆ, ತಿಂದಷ್ಟೂ ಇನ್ನೂ ಬೇಕು ಅನ್ನುತ್ತದಂತೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಇಂಥದ್ದಕ್ಕೆ ನಗುತ್ತಿದ್ದವಳು. ಆದರೆ ಅವತ್ತು ನಗು ಬರಲಿಲ್ಲ. ನನ್ನ ತಪ್ಪಲ್ಲ, ಬೇರೆಯವರದು ಅಂತ ಒಂದೂವರೆ ವರ್ಷದಲ್ಲಿ ಮೊದಲ ಸಲ ಯಾರೋ ಹೇಳಿದ್ದರು.

ಆಮೇಲೆ ಕಂಡದ್ದೆಲ್ಲ ಅನುಮಾನವೇ. ರತ್ನ ಯಾಕೆ ಇನ್ನೊಂದು ತುತ್ತು ಉಣ್ಣಕ್ಕ ಅಂತ ಬಲವಂತ ಮಾಡುತ್ತಾಳೆ? ಸಾರಿನ ಬಟ್ಟಲು ನನಗೆ ಬೇರೆ ಯಾಕೆ ಇಡುತ್ತಾಳೆ? ಅತ್ತೆ ಇದ್ದಾಗಲೂ ಹೀಗೇ ಆಗಿತ್ತು. ನಾನು ಎಷ್ಟು ಪಥ್ಯ ಮಾಡಿಸಿದರೂ ಅವರ ಸಕ್ಕರೆ ಏರುತ್ತಿತ್ತು, ಆಗಲೇ ರತ್ನನ ಮೇಲೆ ನನ್ನದೊಂದು ಕಣ್ಣಿತ್ತು. ಅಡುಗೆಮನೆ ಪೂರ್ತಿ ಅವಳ ಕೈಯಲ್ಲಿರುವುದು ನನಗೆ ಮೊದಲ ಬಾರಿ ಹೆದರಿಕೆ ತಂದಿತು.

ಚಿಕ್ಕತಾಯವ್ವನನ್ನೇ ಜೊತೆ ಮಾಡಿಕೊಂಡು ಅವಳು ಹೇಳಿದ ಕಡೆಗೆ ಹೊರಟೆ. ಹೆಗ್ಗಡದೇವನಕೋಟೆಗೆ ಹೋಗಿ, ಅಂತರಸಂತೆಯನ್ನೂ ದಾಟಿ, ಕಾಡಂಚಿನ ಒಂದು ಊರು. ಮದ್ದು ತೆಗೆಯುವವನ ಜಗಲಿ ತುಂಬ ಜನ. ಮಲೆಯಾಳ ಮಾತಾಡುವ ಒಂದು ಸಂಸಾರವೂ ಕಾದು ಕೂತಿತ್ತು. ಆಸ್ಪತ್ರೆಯ ಬೆಂಚಿಗೂ ಆ ಜಗಲಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಲ್ಲೂ ಎಲ್ಲರೂ ನೆಲ ನೋಡಿಕೊಂಡು ಕೂತಿದ್ದರು, ತಮ್ಮ ಸರದಿ ಬೇಗ ಬರಲಿ ಅಂತಲೂ ಬಾರದಿರಲಿ ಅಂತಲೂ.

ಅವನು ನನ್ನ ಅಂಗೈಗೆ ಯಾವುದೋ ಸೊಪ್ಪಿನ ರಸ ಬಿಟ್ಟು ಉಜ್ಜಿದ. ಅದು ಗಟ್ಟಿಯಾಯಿತು. ಮದ್ದಿದೆ ಅಂದ. ಮನೆಯಲ್ಲಿ ಊಟಕ್ಕೆ ಇಕ್ಕುವವರು ಯಾರು ಅಂತ ಕೇಳಿದ. ಓರಗಿತ್ತಿ ಅಂದೆ. ಅವನು ತಲೆಯಾಡಿಸಿದ, ಅಷ್ಟೇ. ಲೋಟದಲ್ಲಿ ಕಹಿ ಕಷಾಯ ಕೊಟ್ಟ. ಹಿತ್ತಲಿಗೆ ಓಡಿ ಕರುಳೇ ಬಾಯಿಗೆ ಬರುವಂತೆ ವಾಂತಿ ಮಾಡಿದೆ. ಅವನು ಕಡ್ಡಿಯಿಂದ ಕೆದಕಿ ಕಪ್ಪನೆಯ ಸಣ್ಣ ಎಳೆಯೊಂದನ್ನು ಎತ್ತಿ, ಕೂದಲು ನೋಡು, ಇದೇ ಮದ್ದು ಅಂದ.

ನೋಡಿದೆ. ಹೊಲಿಯುವಾಗ ನಾನು ದಾರವನ್ನು ಹಲ್ಲಿನಲ್ಲೇ ಕಡಿಯುವುದು, ಅದು ನನ್ನ ಹಳೇ ಚಾಳಿ. ಅಂದು ಬೆಳಿಗ್ಗೆ ಹೊರಡುವ ಮುಂಚೆ ಒಂದು ಕಪ್ಪು ರವಿಕೆ ಮುಗಿಸಿ ಬಂದಿದ್ದೆ. ದಾರ ಯಾವುದು, ಕೂದಲು ಯಾವುದು ಅಂತ ತಿಳಿಯದವಳಲ್ಲ ನಾನು. ಆದರೂ ಕೂದಲು ಅಂತ ಒಪ್ಪಿಕೊಂಡೆ. ಎಲ್ಲದರ ಮೇಲೂ ಅನುಮಾನ ಪಡುವವಳು, ಪಡಲೇಬೇಕಾದ ಒಂದು ಕಡೆ ಪಡಲಿಲ್ಲ. ಮೂರು ತಿಂಗಳು ಆ ಕೈಯ ಅನ್ನ ಉಣ್ಣಬೇಡ ಅಂದ. ಆಯ್ತು ಅಂದು ಬಂದೆ.

ಮನೆಗೆ ಬಂದವಳೇ ಹೊಲಿಗೆ ಕೋಣೆಯಲ್ಲಿ ಸಣ್ಣದೊಂದು ಗ್ಯಾಸ್ ಒಲೆ ಇಟ್ಟುಕೊಂಡೆ. ಪಥ್ಯ, ನನಗೆ ನಾನೇ ಬೇಯಿಸಿಕೊಳ್ಳುತ್ತೇನೆ ಅಂದೆ. ಚಿಕ್ಕತಾಯವ್ವನ ಬಾಯಿ ಸುಮ್ಮನಿರುತ್ತದೆಯೇ? ಮೂರನೇ ದಿನ ರತ್ನ ಬಾಗಿಲಲ್ಲಿ ಬಂದು ನಿಂತಳು. ಪಾತ್ರೆ ತೊಳೆದ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನನ್ ಕೈ ಅನ್ನ ಬ್ಯಾಡ್ವಾ ಅಕ್ಕ?"

ನಾನು ತಲೆ ಎತ್ತದೆ ಮಿಷನ್ ತುಳಿದೆ. ಅವಳು ಕೈ ಒರೆಸಿಕೊಂಡು ಒಳಗೆ ಹೋದಳು. ಮಾರನೇ ದಿನ ತವರಿಗೆ ಹೊರಟಳು. ಮೈದುನ ನನ್ನ ಮುಖ ನೋಡುವುದು ಬಿಟ್ಟ, ಒಲೆ ಬೇರೆ ಮಾಡಿಕೊಳ್ಳುವುದೇ ವಾಸಿ ಅಂತ ಅಣ್ಣನ ಹತ್ತಿರ ಹೇಳಿದ. ಯಜಮಾನರು ನನ್ನನ್ನು ಬೈಯಲಿಲ್ಲ. ರತ್ನ ವಾಪಸು ಬಾರದಿದ್ದರೆ ಈ ಮನೆ ಎರಡಾಯಿತು ಅಂತಲೇ ತಿಳಿ ಅಂದರು. ಹದಿನೆಂಟು ವರ್ಷದ ಒಂದು ಒಲೆ ನನ್ನ ಒಂದು ಮಾತಿಗೆ ಕಾದು ನಿಂತಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ.

ನನ್ನ ಲೆಕ್ಕದಲ್ಲಿ ಈಗ ಗುಣ ಆಗಬೇಕಿತ್ತು. ಮದ್ದು ಹೊರಗೆ ಬಂದಿದೆ, ಇಕ್ಕಿದ ಕೈ ಊರಲ್ಲಿಲ್ಲ. ಆದರೆ ಆ ವಾರ ನಾನು ತಿಂದಷ್ಟು ಹಿಂದೆಂದೂ ತಿಂದಿರಲಿಲ್ಲ. ಅಲಸಂದೆ ಕಾಳಿನ ಸಾರನ್ನು ಪಾತ್ರೆಗೇ ಬಾಯಿಟ್ಟು ಕುಡಿದೆ. ಡಬ್ಬಿಯಲ್ಲಿದ್ದ ಬೆಲ್ಲವನ್ನು ಹಾಗೇ ಕಚ್ಚಿದೆ. ಅವತ್ತು ನನಗೆ ನಿಜವಾಗಿ ಭಯವಾಯಿತು. ಸೂಜಿ ಡಬ್ಬಿಯಿಂದ ಚೀಟಿ ತೆಗೆದೆ.

ಸಮಾಲೋಚಕಿಯ ಕೋಣೆಯ ಹೊರಗೆ ಸೆರಗು ತಲೆಗೆ ಹೊದ್ದು ಕೂತಿದ್ದೆ, ಗುರುತಿನವರು ಕಂಡರೆ ಮಂಗಳಂಗೆ ಹುಚ್ಚಂತೆ ಅನ್ನುತ್ತಾರೆ ಅಂತ. ಪಕ್ಕದ ಅಜ್ಜಿ ನಿಮ್ಮದೇನು ಅಂತ ಕೇಳಿದ್ದಕ್ಕೆ ನೆಂಟರನ್ನು ನೋಡಲು ಬಂದೆ ಅಂದೆ. ಅಜ್ಜಿ ನಾನೂ ಅಷ್ಟೇ ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸ್ವಲ್ಪ ನಕ್ಕೆವು. ಆ ಒಂದು ನಗು ಇಲ್ಲದಿದ್ದರೆ ನಾನು ಎದ್ದು ಬಂದುಬಿಡುತ್ತಿದ್ದೆ.

ಒಳಗಿದ್ದ ಹೆಂಗಸಿನ ರವಿಕೆಯ ತೋಳು ತಪ್ಪಾಗಿ ಕೂತಿತ್ತು. ಇವರೇನು ನನ್ನನ್ನು ಸರಿಮಾಡುತ್ತಾರೆ ಅಂತ ಮೊದಲಿಗೆ ಅನ್ನಿಸಿತು. ಅವರು ಬುದ್ಧಿ ಹೇಳಲಿಲ್ಲ, ಇದು ತಿನ್ನಬೇಡಿ ಅದು ತಿನ್ನಿ ಅನ್ನಲೂ ಇಲ್ಲ. ಪ್ರತಿ ಸಲ ಹೀಗೆ ತಿಂದಾಗ ಗಂಟೆ ಎಷ್ಟು, ಹತ್ತಿರ ಯಾರಿದ್ದರು, ಮನಸ್ಸಿನಲ್ಲಿ ಏನಿತ್ತು ಅಷ್ಟು ಮಾತ್ರ ಬರೆದುಕೊಂಡು ಬನ್ನಿ, ಎಷ್ಟು ತಿಂದಿರಿ ಅಂತ ಬರೆಯುವುದು ಬೇಡ ಅಂದರು. ಇದನ್ನು ಯಜಮಾನರಿಗೆ ತೋರಿಸುತ್ತಾರೇನೋ ಅಂತ ಅನುಮಾನ ಬಂತು. ಆಮೇಲೆ ಯೋಚಿಸಿದೆ. ಬರೆಯುತ್ತೇನೆ, ರತ್ನ ಇಕ್ಕಿದ ಮದ್ದು ಇನ್ನೂ ಒಳಗಿದೆ ಅನ್ನುವುದಕ್ಕೆ ಇದೇ ಸಾಕ್ಷಿ ಆಗಲಿ. ಗಿರಾಕಿಗಳ ಅಳತೆ ಪುಸ್ತಕದಲ್ಲೇ ಒಂದು ಹಾಳೆಯ ತಲೆಗೆ ಮೊದಲ ಬಾರಿ ನನ್ನ ಹೆಸರು ಬರೆದೆ.

ಎರಡು ವಾರಕ್ಕೆ ಹಾಳೆ ತುಂಬಿತು. ಬಸ್ಸಿನಲ್ಲಿ ಕೂತು ಓದಿಕೊಂಡೆ. ಹತ್ತಿರ ಯಾರಿದ್ದರು ಅನ್ನುವ ಕಡೆ ಮೇಲಿಂದ ಕೆಳಗಿನವರೆಗೆ ಯಾರೂ ಇಲ್ಲ. ಮನಸ್ಸಿನಲ್ಲಿ ಏನಿತ್ತು, ಏನೂ ಇಲ್ಲ. ಗಂಟೆ ಮಾತ್ರ ಮೂರೂವರೆ, ಮೂರೂವರೆ, ಹನ್ನೊಂದು, ಮೂರೂವರೆ. ಸಮಾಲೋಚಕಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಮೊದ್ಲೆಲ್ಲ ಮೂರೂವರೆಗೆ ಏನ್ ಮಾಡ್ತಿದ್ರಿ ನೀವು?"

"ಅತ್ತೆಗೆ ತಿನ್ನಿಸ್ತಿದ್ದೆ" ಅಂದೆ.

ಯಾರಿಗೂ ಹೇಳದ್ದನ್ನು ಅಲ್ಲಿ ಹೇಳಿದೆ. ಆ ಯುಗಾದಿಯ ಮಧ್ಯಾಹ್ನ ಅತ್ತೆ ಒಬ್ಬಟ್ಟು ಕೇಳಿದರು. ಮನೆಯೆಲ್ಲ ಹೂರಣದ ಘಮ, ಅವರ ಬಟ್ಟಲಿನಲ್ಲಿ ಮಾತ್ರ ಉಪ್ಪಿನ ಗಂಜಿ. ಒಂದೇ ಒಂದು ತುಂಡು ಅಂದರು. ನನಗೆ ಹಬ್ಬದ ದಿನವೂ ಮೂರು ರವಿಕೆ ಕೊಡುವುದಿತ್ತು, ತಲೆ ಬಿಸಿಯಾಗಿತ್ತು. ಈ ವಯಸ್ಸಿನಲ್ಲೂ ಇಷ್ಟು ಬಾಯಿಚಪಲ ಆಗಬಾರದು ಅತ್ತೆ ಅಂತ ಗದರಿ, ಗಂಜಿ ತಿನ್ನಿಸಿ, ಬಾಯಿ ಒರೆಸಿ, ರವಿಕೆ ಗಂಟು ಕಟ್ಟಿಕೊಂಡು ಹಾರನಹಳ್ಳಿಗೆ ಹೋದೆ. ಅವರು ಮತ್ತೆ ಏನನ್ನೂ ಕೇಳಲಿಲ್ಲ. ನಾಲ್ಕು ದಿನಕ್ಕೆ ಹೋದರು. ಹನ್ನೊಂದನೇ ದಿನ ಎಡೆಗೆ ಐದು ಒಬ್ಬಟ್ಟು ಇಟ್ಟೆವು. ಸತ್ತ ಮೇಲೆ ಐದು, ಬದುಕಿದ್ದಾಗ ಒಂದು ತುಂಡು ಇಲ್ಲ. ಇದನ್ನು ಹೇಳುವಾಗ, ಅವರು ಹೋದ ಮೇಲೆ ಮೊದಲ ಬಾರಿ ನನಗೆ ಅಳು ಬಂತು. ಸಮಾಲೋಚಕಿ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಇಷ್ಟು ದಿನವೂ ನನ್ನ ಕೈ ಅತ್ತೆಗೇ ತಿನ್ನಿಸುತ್ತಿತ್ತು. ಬಾಯಿ ಮಾತ್ರ ನನ್ನದಾಗಿತ್ತು.

ಮಾರನೇ ದಿನವೇ ಹುಣಸೂರಿಗೆ ಬಂದು ಕೆ.ಆರ್. ನಗರದ ಬಸ್ಸು ಹತ್ತಿದೆ. ರತ್ನನ ತವರು ನಾಲೆಯ ಪಕ್ಕ. ಅವಳ ತಾಯಿ ಬಾ ಅಂದರು, ಮುಖ ಬಿಗಿದುಕೊಂಡೇ ಅಂದರು. ರತ್ನ ತಟ್ಟೆಗೆ ಅನ್ನ, ಹುರುಳಿಕಾಳಿನ ಸಾರು ಬಡಿಸಿ ತಂದಿಟ್ಟಳು. ಮದ್ದು ಹಾಕಿಲ್ಲ, ಉಣ್ಣು ಅಂದಳು. ಉಂಡೆ. ಉಣ್ಣುತ್ತಲೇ ಎಲ್ಲ ಹೇಳಿದೆ. ಕಾಡಂಚಿನ ಊರು, ಕಪ್ಪು ದಾರ, ಅಳತೆ ಪುಸ್ತಕ, ಯುಗಾದಿಯ ಒಬ್ಬಟ್ಟು. ತಪ್ಪಾಯಿತು ಅಂದೆ. ಬಾ, ಒಲೆ ಒಡೆಯುವುದು ಬೇಡ ಅಂದೆ.

ರತ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಮದ್ದಾಕಿದ್ದು ದಿಟ ಕಣಕ್ಕ" ಅಂದಳು. "ನಿಂಗಲ್ಲ. ಅತ್ತೆಗೆ."

ಏನು ಹಾಕಿದೆ ಅಂತ ಕೇಳಿದೆ.

ಅವತ್ತು ನಾನು ಹಾರನಹಳ್ಳಿಗೆ ಹೊರಟ ಮೇಲೆ ರತ್ನ ಒಂದು ಪೂರ್ತಿ ಒಬ್ಬಟ್ಟನ್ನು ಹಾಲಿನಲ್ಲಿ ನೆನೆಸಿ, ತುಪ್ಪ ಹಾಕಿ ಅತ್ತೆಗೆ ತಿನ್ನಿಸಿದ್ದಳು. ಅದಕ್ಕೂ ಮುಂಚೆ ಎಷ್ಟೋ ಸಲ ಬೆಲ್ಲದ ಚೂರು, ಪಾಯಸದ ಒಂದು ಚಮಚ. ನನಗೆ ಹೇಳಿದರೆ ಬಿಡುತ್ತಿರಲಿಲ್ಲ ಅಂತ ಹೇಳಿರಲಿಲ್ಲ. ನಾಲ್ಕನೇ ದಿನ ಅತ್ತೆ ಹೋದಾಗ ತನ್ನ ಕೈಯಿಂದಲೇ ಹೋದರು ಅಂತ ಅವಳಿಗೆ ಗಟ್ಟಿಯಾಗಿಬಿಟ್ಟಿತ್ತು. ಮದ್ದು ಹಾಕಿದವಳು ಅವಳೇ ಅನ್ನುವ ನನ್ನ ಅನುಮಾನ ಅವಳ ಕಿವಿಗೆ ಬಿದ್ದಾಗ, ಅಕ್ಕನಿಗೆ ಒಬ್ಬಟ್ಟಿನ ವಿಷಯ ತಿಳಿದುಹೋಯಿತು ಅಂದುಕೊಂಡೇ ಅವಳು ಊರು ಬಿಟ್ಟಿದ್ದು. ಒಂದೂವರೆ ವರ್ಷ ಒಂದೇ ಒಬ್ಬಟ್ಟಿಗಾಗಿ, ಕೊಡಲಿಲ್ಲ ಅಂತ ನಾನೂ, ಕೊಟ್ಟೆ ಅಂತ ಅವಳೂ ಬೇಯುತ್ತಿದ್ದೆವು, ಒಂದೇ ಮನೆಯಲ್ಲಿ.

ನನ್ನ ಬುದ್ಧಿ ನೋಡಿ, ಆಗಲೂ ಅನುಮಾನ. ನನ್ನ ಸಮಾಧಾನಕ್ಕೆ ಇವಳು ಕಥೆ ಕಟ್ಟುತ್ತಿದ್ದಾಳೆ ಅನ್ನಿಸಿತು. ಸುಳ್ಳು ಹೇಳಬೇಡ ರತ್ನ ಅಂದೆ.

"ಸುಳ್ಳ್ಯಾಕ್ ಯೋಳ್ಲಿ? ತುಪ್ಪ ರವಿಕೆ ಮ್ಯಾಲೆ ಸುರೀತು. ಒರ್ಸಕ್ಕೋದ್ರೆ ನನ್ ಕೈಯಾಗಿದ್ದ ಅರಿಶಿನಾನೂ ಅಂಟ್ಕತ್ತು. ಅಕ್ಕ ಬೈತಾಳೆ ಅಂತ ನಾನು ಹೆದ್ರುಕಂಡ್ರೆ ಅತ್ತೆ ನಗ್ತಾ ಕೂತ್ರು ಕಣಕ್ಕ. ಬಾಯ್ತುಂಬ ಹೂರಣ ಮಡೀಕಂಡು ನಕ್ರು."

ಸಂಜೆಯ ಬಸ್ಸಿಗೆ ಇಬ್ಬರೂ ಊರಿಗೆ ಬಂದೆವು. ಕೈಕಾಲು ತೊಳೆಯುವ ಮುಂಚೆಯೇ ತುಂಡು ಬಟ್ಟೆಯ ಚೀಲವನ್ನು ನೆಲಕ್ಕೆ ಸುರಿದೆ. ಬಿಸ್ಕತ್ತು ಪೊಟ್ಟಣ, ಸೇವೆಯ ಕವರು, ಮಿಠಾಯಿ ಕಾಗದ ರತ್ನನ ಕಣ್ಣೆದುರೇ ಬಿದ್ದವು. ಕಡೆಗೆ ಲಾಡಿಯ ರವಿಕೆ ಬಿತ್ತು. ಎದೆಯ ಮೇಲೆ ಎಣ್ಣೆಕಲೆ, ಅದರ ಸುತ್ತ ಅರಿಶಿನದ ಮೂರು ಬೆರಳು. ಇಷ್ಟು ದಿನ ಅದನ್ನು ಕಲೆ ಅಂತ ನೋಡಿದ್ದೆ, ಬೆರಳು ಅಂತ ನೋಡಿರಲಿಲ್ಲ. ಅತ್ತೆ ತಿಂದಿದ್ದರು. ನಕ್ಕಿದ್ದರು.

ಒಂದು ಒಬ್ಬಟ್ಟಿಗೆ ಯಾರೂ ಸಾಯುವುದಿಲ್ಲ ಅಂತ ನಾನು ರತ್ನನಿಗೆ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಅತ್ತೆಗೆ ಔಷಧಿ ಕೊಡುತ್ತಿದ್ದ ಹುಣಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅತ್ತೆಯ ಹಳೇ ಕಾಗದವನ್ನೆಲ್ಲ ತಿರುವಿ ಅದೇ ಮಾತು ಹೇಳಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಜೋರಾಗಿ ಅತ್ತಳು.

ಪೂರ್ತಿ ಗುಣವಾಯಿತು ಅಂತ ಹೇಳಿದರೆ ನೀವು ನಂಬಬೇಡಿ. ಮೂರೂವರೆ ಈಗಲೂ ದಿನಾ ಬರುತ್ತದೆ. ರತ್ನ ಎರಡು ಲೋಟ ಟೀ, ಒಂದು ಬಟ್ಟಲು ಹುರಿಗಡಲೆ ತರುತ್ತಾಳೆ, ಬಾಗಿಲು ತೆರೆದೇ ಇರುತ್ತದೆ. ಅತ್ತೆಯ ಮಾತು ಬಂದರೆ ಆಡುತ್ತೇವೆ. ಹೋದ ತಿಂಗಳು ಎರಡು ದಿನ ಮತ್ತೆ ಕದ್ದು ತಿಂದೆ. ಪುಸ್ತಕದಲ್ಲಿ ಬರೆದೆ. ಮನಸ್ಸಿನಲ್ಲಿ ಏನಿತ್ತು ಅನ್ನುವ ಕಡೆ ಈಗ ಏನೂ ಇಲ್ಲ ಅಂತ ಬರೆಯುವುದಿಲ್ಲ.

ಈ ಯುಗಾದಿಗೆ ಹೊಸ ರವಿಕೆ ಹೊಲಿದುಕೊಳ್ಳೋಣ ಅನ್ನಿಸಿತು. ತನ್ನ ಬೆನ್ನಿನ ಅಳತೆ ತಾನೇ ತೆಗೆಯಲಾಗುವುದಿಲ್ಲ. ರತ್ನನನ್ನು ಕರೆದು ಟೇಪು ಕೊಟ್ಟು ತಿರುಗಿ ನಿಂತೆ. ಅವಳು ಎದೆಯ ಸುತ್ತ ಟೇಪು ಸುತ್ತಿ ನಲವತ್ತೆರಡು ಅಂದಳು. ಒಂದೂವರೆ ವರ್ಷ ನಾನು ತಪ್ಪಿಸಿಕೊಂಡು ಓಡಿದ್ದು ಈ ಒಂದು ಸಂಖ್ಯೆಯಿಂದ. ಸರಿಯಾಗಿ ನೋಡು ಅಂದೆ. ಸರಿಯಾಗೇ ನೋಡಿದ್ದೇನೆ ಅಂದಳು. ಟೇಪು ಹಿಂದಕ್ಕೆ ಎಳೆದು ನಾನೇ ನೋಡೋಣ ಅಂತ ಕೈ ಎತ್ತಿದವಳು ಇಳಿಸಿದೆ. ಅಳತೆ ಪುಸ್ತಕ ತೆಗೆದು ನನ್ನ ಹೆಸರಿನ ಮುಂದೆ ಅವಳು ಹೇಳಿದ್ದನ್ನೇ ಬರೆದುಕೊಂಡೆ.